ಕೂಗದೆ ಬಿಟ್ಟ ನೀರು

"ಕುರಿ ಕಾಯೋ ನಾಯಿ ಆದ್ರೂ ಮಂದೇಲಿ ಒಂದು ಕಮ್ಮಿ ಇದ್ರೆ ಬೊಗಳತ್ತೆ. ಇದು ಅದನ್ನೂ ಮಾಡ್ಲಿಲ್ಲ. ನೆರಳಲ್ಲಿ ಕಾಲು ಚಾಚ್ಕೊಂಡು ವೈನ್ ನೆಕ್ತಾ ಕೂತಿತ್ತು!" ಎಂದು, ಪ್ರವಾಸಿಗಳನ್ನು ಸೈಕಲ್ ಮೇಲೆ ವೈನರಿಗಳಿಗೆ ಕಳಿಸುವ ಒಡತಿ ಗ್ಲಾದಿಸ್ ಅಂಗಳದ ನಡುವೆ ನಿಂತು ಹೇಳಿದಾಗ ರಮಿರೋ ಮಂಡಿಯೂರಿ ಒಂದು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಅಂಗಳದ ತುಂಬ ಬೆನ್ನುಚೀಲದವರು, ದೂರದೇಶಗಳಿಂದ ಬಂದ ಅಲೆಮಾರಿ ಪ್ರವಾಸಿಗಳು. ಚೀಲಗಳನ್ನು ಗೋಡೆಗೆ ಒರಗಿಸಿ, ದ್ರಾಕ್ಷಿ ಚಪ್ಪರದ ಕೆಳಗೆ ಒಬ್ಬರ ಹೆಲ್ಮೆಟ್ಟನ್ನು ಇನ್ನೊಬ್ಬರ ತಲೆಗೆ ಹಾಕಿ ನೋಡುತ್ತಿದ್ದವರು ದನಿ ಕೇಳಿ ತಿರುಗಿದರು. ಬಾಗಿಲಲ್ಲಿ ರೊಟ್ಟಿ ಬುಟ್ಟಿ ಹೊತ್ತು ಬಂದಿದ್ದ ಬೇಕರಿಯವನೂ ನಿಂತ. ಅವನು ಇನ್ನೂ ನಾಲ್ಕು ಮನೆಗೆ ರೊಟ್ಟಿ ಕೊಡುವುದಿತ್ತು, ಆದರೂ ನಿಂತ. "ಆರನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನಿಗೆ ಎಣಿಕೆ ಎಲ್ಲಿಂದ ಬರತ್ತೆ ಹೇಳಿ? ತಪ್ಪು ಇವನದಲ್ಲ, ಇವನ ಕೈಗೆ ಜನರನ್ನ ಕೊಟ್ಟೆನಲ್ಲ, ನಂದು!" ಬೆನ್ನುಚೀಲದವರಿಗೆ ಮಾತು ತಿಳಿಯದಿದ್ದರೂ ಬೈಗುಳ ತಿಳಿಯಿತು. ಒಬ್ಬಳು ನಕ್ಕು, ನಕ್ಕಿದ್ದಕ್ಕೆ ನಾಚಿ, ಕೆಳಗೆ ನೋಡಿದಳು. ಆ ದಿನ ತಾನು ಒಂದು ಹನಿ ವೈನ್ ಮುಟ್ಟಿರಲಿಲ್ಲ ಎಂದು ರಮಿರೋ ಹೇಳಬಹುದಿತ್ತು. ಎಣಿಕೆ ಬರುತ್ತದೆ, ಬೇಕಾದರೆ ಈ ಅಂಗಳದಲ್ಲಿರುವ ಚಕ್ರಗಳ ಕಡ್ಡಿಗಳನ್ನೆಲ್ಲ ಎಣಿಸಿ ಹೇಳುತ್ತೇನೆ ಎನ್ನಬಹುದಿತ್ತು. ಗಾಳಿ ಹೊಡೆಯುತ್ತಲೇ ಇದ್ದ. ಟೈರು ಕಲ್ಲಿನಂತಾದ ಮೇಲೂ ಹೊಡೆದ. ಮಾತುಗಳು ಪಕ್ಕದ ಮನೆಯ ಜಗಳದ ಹಾಗೆ, ಗೋಡೆ ದಾಟಿ, ಚೂಪು ಕಳೆದುಕೊಂಡು ಬಂದವು. ಗ್ಲಾದಿಸ್ ಬೈದಷ್ಟೂ ಒಳಗೆಲ್ಲೋ ಒಂದು ಕಡೆ ಹಗುರವಾಗುತ್ತಿತ್ತು. ಬೈಯಲಿ. ಎಣಿಸದೆ ಬಂದ ದಡ್ಡ, ಸೋಮಾರಿ, ಹೆಬ್ಬೆಟ್ಟು. ಅಷ್ಟರಲ್ಲೇ ಇರಲಿ. ಅದರ ಆಚೆಗೆ ಯಾರೂ ಕೈ ಹಾಕದಿರಲಿ.

ಇನ್ನು ಮೇಲೆ ಸೈಕಲ್ ಸಾಲಿನ ಹಿಂದೆ ಕಾವಲಾಗಿ ಬರುವವನು ಹಳದಿ ಅಂಗಿ ತೊಡಬೇಕೆಂದು ಅವಳು ಹೊಸ ನಿಯಮ ಮಾಡಿದ್ದಳು. ರಸ್ತೆ ಗುಡಿಸುವವರು ತೊಡುವಂಥದ್ದು. ಅದನ್ನು ಅವನ ಮೇಲೆ ಎಸೆದಳು. ತೊಟ್ಟುಕೊಂಡ. ಸಾಲು ಹೊರಟಿತು. ನಡುಬೇಸಿಗೆಯ ಜನವರಿಯ ಬಿಸಿಲು ಬೆಳಿಗ್ಗೆಯೇ ರಸ್ತೆಯ ಡಾಂಬರನ್ನು ಮೆತ್ತಗೆ ಮಾಡಿತ್ತು. ಎರಡೂ ಬದಿಯ ಪಾಪ್ಲರ್ ಮರಗಳು ಮೇಲೆ ಕೂಡಿಕೊಂಡು ನೆರಳು ಹಾಸಿದ್ದವು. ಮರಗಳ ಬುಡದಲ್ಲಿ ರಸ್ತೆಗುಂಟ ಮರಿಗಾಲುವೆ, ಒಣಗಿ, ಎಲೆ ತುಂಬಿ, ಮಲಗಿದರೆ ಹಿಡಿಸುವಷ್ಟು ಅಗಲ. ಅದರ ಕಡೆ ನೋಡಬಾರದೆಂದು ಅವನು ಮುಂದಿನ ಸೈಕಲ್ಲಿನ ಮಡ್‌ಗಾರ್ಡ್ ನೋಡುತ್ತಾ ತುಳಿದ. ಮುಂದಿದ್ದವನು ಉದ್ದನೆಯ ಗಡ್ಡದವನು, ತಿಂಗಳುಗಟ್ಟಲೆ ಅಲೆದು ಒಂದಿಷ್ಟು ಮಾತು ಕಲಿತವನು. ಸೈಕಲ್ ನಿಧಾನ ಮಾಡಿ ಪಕ್ಕಕ್ಕೆ ಬಂದ. "ಇಲ್ಲಿ... ಹುಡುಗಿ... ಬೀಳು?" ಎಂದು ಕಾಲುವೆ ತೋರಿಸಿದ. "ನೀರು ಬರು? ಯಾರು ತೆಗೆ?" ರಮಿರೋ ಭುಜ ಹಾರಿಸಿದ. ಗಡ್ಡದವನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಕಾಲುವೆಯ ಫೋಟೊ ತೆಗೆದುಕೊಂಡ. ಅವನ ಸೈಕಲ್ಲಿಗೆ ಒಂದು ಒದ್ದು ಅವನನ್ನೂ ಅದರಲ್ಲಿ ಕೆಡವಬೇಕೆನ್ನಿಸಿತು. ಲೋಕದ ಯಾವ ಊರಿನ ಯಾವ ಗುಂಡಿಯಾದರೂ ತಮ್ಮ ಹಾಸಿಗೆ ಎಂದುಕೊಂಡಿರುವವರು. ಇಲ್ಲಿಯ ಮಕ್ಕಳಿಗೆ ಗೊತ್ತು, ಇಲ್ಲಿಯ ನಾಯಿಗಳಿಗೂ ಗೊತ್ತು, ನೀರಿಗೆ ಬರ ಬಂದ ಬೇಸಿಗೆಯಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಕಾಲುವೆಯಲ್ಲಿ ಮಲಗಬಾರದು, ಆಗ ನೀರು ಕಳ್ಳಹೆಜ್ಜೆಯಲ್ಲಿ ಬರುತ್ತದೆ ಎಂದು.

ಕೂಗಿ ಬಿಡಬೇಕು ನೀರನ್ನು. ಅಪ್ಪ ಕಲಿಸಿದ ಮೊದಲ ಪಾಠ ಅದು, ಅಕ್ಷರಕ್ಕಿಂತ ಮೊದಲು. ತೂಬಿನ ತಗಡು ಎತ್ತುವ ಮುಂಚೆ ಕೆಳಮುಖವಾಗಿ ನಿಂತು, ಹೊಟ್ಟೆಯಿಂದ ಉಸಿರು ತೆಗೆದು, ನೀರು ಬಿಟ್ಟೆವೋ ಎಂದು ಕೂಗಬೇಕು. ಕೆಳಗಿನ ತೋಟದವರು ಅದನ್ನು ಕೇಳಿ ಮುಂದಕ್ಕೆ ಕೂಗಬೇಕು. ಕಾಲುವೆಯಲ್ಲಿ ಬಟ್ಟೆ ಒಣಹಾಕಿದವಳು ಎತ್ತಿಕೊಳ್ಳುತ್ತಾಳೆ, ಮರಿ ಹಾಕಿದ ಬೆಕ್ಕನ್ನು ಯಾರೋ ಓಡಿಸುತ್ತಾರೆ. ಆದರೆ ಕದ್ದ ನೀರಿಗೆ ಯಾರೂ ಕೂಗುವುದಿಲ್ಲ. ಈ ವರ್ಷ ಬೆಟ್ಟದ ಮೇಲೆ ಹಿಮ ಬೀಳಲಿಲ್ಲ, ನದಿ ಮೂಳೆ ಬಿಟ್ಟುಕೊಂಡು ಹರಿಯಿತು. ಅಪ್ಪನ ನೀರಿನ ಸರದಿ ಬಂದ ದಿನ ಕಾಲುವೆಯಲ್ಲಿ ನಾಯಿ ಕಾಲೆತ್ತಿದಷ್ಟು ನೀರು ಬಂದು, ತೋಟದ ಮೊದಲ ಸಾಲಿನಲ್ಲೇ ಇಂಗಿಹೋಯಿತು. ದ್ರಾಕ್ಷಿ ಕಾಯಿ ಬಣ್ಣ ತಿರುಗುವ ಹೊತ್ತು. ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬರುತ್ತಿದ್ದವು. ಅಪ್ಪ ಒಂದು ಬೆಳಿಗ್ಗೆ ಇನ್ನಷ್ಟು ನೀರು ಬೇಡಲು ನೀರುಗಂಟಿ ಅನ್ಸೆಲ್ಮೊನ ಮನೆ ಬಾಗಿಲಿಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ನಿಂತು, ಬರಿಗೈಯಲ್ಲಿ ವಾಪಸಾಗಿ, ಯಾರಿಗೂ ಹೇಳದೆ ಸಾಲುಗಳ ನಡುವೆ ಕುಳಿತುಬಿಟ್ಟಿದ್ದ. ರಮಿರೋ ಅದನ್ನು ನೋಡಿದ್ದ. ಕುಳಿತ ರೀತಿಯನ್ನು ನೋಡಿದ್ದ. ಅಷ್ಟೇ. ಅದರಿಂದ ಸಿಟ್ಟು ಬಂತೋ ಏನು ಬಂತೋ ಈಗ ನೆನಪಿಗೆ ಸಿಗುವುದಿಲ್ಲ. ಸಿಗುವುದು ತೂಬಿನ ಬೀಗ ಮಾತ್ರ. ಬೀಗದ ಕೀಲಿ ಇರುವುದು ಅನ್ಸೆಲ್ಮೊನ ಸೊಂಟದಲ್ಲಿ. ರಮಿರೋನ ಕೈಯಲ್ಲಿ ಇದ್ದದ್ದು ಚಪ್ಪಟೆ ಮಾಡಿದ ಒಂದು ಸೈಕಲ್ ಕಡ್ಡಿ. ಬೆನ್ನುಚೀಲದವರು ಸರಪಳಿಯ ಕೀಲಿ ಕಳೆದುಕೊಂಡಾಗಲೆಲ್ಲ ಅವನು ಅಂಥ ಕಡ್ಡಿಯಿಂದಲೇ ಬೀಗ ಬಿಚ್ಚುತ್ತಿದ್ದ. ಅವರು ಚಪ್ಪಾಳೆ ತಟ್ಟುತ್ತಿದ್ದರು. ತೂಬಿನ ಹತ್ತಿರ ಚಪ್ಪಾಳೆಗೆ ಯಾರೂ ಇರಲಿಲ್ಲ. ಆ ಮಧ್ಯಾಹ್ನ ಊರು ಕಿಟಕಿ ಮುಚ್ಚಿಕೊಂಡು ಮಲಗಿತ್ತು. ಅವನ ಗುಂಪಿನವರು ಮೊದಲ ವೈನರಿಯಲ್ಲಿ ಕುಡಿದು, ಸಾಲು ಕೆಟ್ಟು, ಅಲ್ಲೊಬ್ಬರು ಇಲ್ಲೊಬ್ಬರು ರಸ್ತೆಯ ಮೇಲೆ ತೇಲುತ್ತಿದ್ದರು. ಮುಂದೆ ಹೋಗಿ, ನೇರ ಹೋಗಿ ಎಂದು ಕೈ ತೋರಿಸಿ ಅವನು ತಿರುವಿನ ಹಿಂದೆ ಸರಿದಿದ್ದ. ತಗಡು ಎತ್ತಿದ. ನೀರು ಒಂದು ಕ್ಷಣ ಅನುಮಾನಿಸಿ, ಆಮೇಲೆ ಒಣ ಎಲೆ, ಬಾಟಲಿ, ಕಡ್ಡಿಗಳನ್ನು ಮೂತಿಯಿಂದ ತಳ್ಳುತ್ತಾ ಹೊರಟಿತು. ಎಷ್ಟು ಚೆನ್ನಾಗಿತ್ತು ಅದು. ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ನಿಂತು ನೋಡಿದ. ನಕ್ಕಿದ್ದನೋ ಏನೋ.

ಮೊದಲ ವೈನರಿಯ ಅಂಗಳದಲ್ಲಿ ತೂಲಿಯೋ ರಬ್ಬರ್ ಕೊಳವೆ ಹಿಡಿದು ನೆಲ ತೊಳೆಯುತ್ತಿದ್ದ. ಬೆನ್ನುಚೀಲದವರು ಒಳಗೆ ತಂಪಿನಲ್ಲಿ ಗಾಜು ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ರಮಿರೋ ಹೊರಗೇ ನಿಂತ.

"ಏನೋ ಒಣಕಲಾ, ಎಣಿಸಿದ್ಯಾ? ಒಳಗೆ ಹೋಗೋಕೆ ಮುಂಚೆ ಒಂದ್ಸಲ ಎಣಿಸು, ಹೊರಗೆ ಬಂದ್ಮೇಲೆ ಅವ್ರನ್ನೇ ಎಣಿಸ್ಕೊಳಕ್ಕೆ ಹೇಳು. ಕುಡಿದೋರಿಗೆ ಒಂದು ಎರಡಾಗಿ ಕಾಣತ್ತೆ, ಯಾರು ಬಿದ್ದುಹೋದ್ರೂ ಲೆಕ್ಕ ಸರಿಹೋಗತ್ತೆ."

"ನಿನ್ನ ಕೆಲಸ ನೋಡ್ಕೋ."

"ಅದೇ ನೋಡ್ತಿದೀನಪ್ಪಾ. ಹಳದಿ ಅಂಗಿ ಚೆನ್ನಾಗಿದೆ, ನಿಂಬೆಹಣ್ಣಿಗೆ ಕಾಲು ಬಂದಂಗಿದೆ." ತೂಲಿಯೋ ಕೊಳವೆಯನ್ನು ಬಗ್ಗಿಸಿ ಬಾಯಿಗೆ ನೀರು ಬಿಟ್ಟುಕೊಂಡು ಉಗುಳಿದ. ಆಮೇಲೆ ದನಿ ತಗ್ಗಿಸಿದ. "ಸಂಜೆ ಸಂಘದ ಸಭೆಗೆ ಬರ್ತೀಯಾ?"

"ಅಪ್ಪ ಬರ್ತಾನೆ."

"ಅನ್ಸೆಲ್ಮೊ ಮುದುಕನ್ನ ಕೆಲಸದಿಂದ ತೆಗೆದುಹಾಕ್ತಾರಂತೆ. ಕಾಲುವೆ ಸಂಘದ್ದೇ ಮನೆ, ಅದನ್ನೂ ಬಿಡಬೇಕು. ಆಮೇಲೆ ಪೊಲೀಸರ ಕಾಟ ಬೇರೆ. ಆ ಹುಡುಗಿ ಹೋದ್ಲು ಅಂದ್ರೆ ಜೈಲೇ."

"ಹೋಗ್ತಾಳೆ ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ. ಕಣ್ಣು ಬಿಟ್ಟಿಲ್ಲ ಅಂದ್ರು. ನೀನ್ಯಾಕೆ ಮೈಮೇಲೆ ಬರ್ತೀಯ? ಬೀಗ ಸರಿಯಾಗಿತ್ತು, ಕೀಲಿ ಅವನ ಹತ್ರ ಇತ್ತು, ಜನ ಓಡಿಹೋದಾಗ ತೂಬಿನ ಮುಂದೆ ಕೀಲಿ ಹಿಡ್ಕೊಂಡು ಅವನೇ ನಿಂತಿದ್ದ. ಇನ್ನೇನು, ದೇವಮಾತೆ ಇಳಿದುಬಂದು ನೀರು ಬಿಟ್ಲಾ?" ತೂಲಿಯೋ ಮತ್ತೆ ನೆಲ ತೊಳೆಯತೊಡಗಿದ. "ನನಗೂ ಬೇಜಾರೇ ಕಣೋ. ನಮ್ಮಜ್ಜನ ಹೆಣ ಹೊತ್ತೋನು ಅವನು. ಆದ್ರೆ ವಯಸ್ಸಾದ್ಮೇಲೆ ಮನೇಲಿ ಕೂತ್ಕೋಬೇಕು."

ವಯಸ್ಸಾಯಿತು ಎಂದು ಅಪ್ಪನೂ ಅಂದಿದ್ದ. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ರೊಟ್ಟಿ ಮುರಿಯುತ್ತಾ, ತೋಟದ ಕಡೆ ಬೆನ್ನು ಹಾಕಿ. ಸಾಲುಗಳೆಲ್ಲ ನೆನೆದು ಕಪ್ಪಾಗಿದ್ದವು, ಎಲೆಗಳು ಒಂದೇ ರಾತ್ರಿಗೆ ಕತ್ತು ಎತ್ತಿದ್ದವು. ಅಪ್ಪನ ಬೂಟಿನಲ್ಲಿ ಕೆಸರಿತ್ತು, ಅಂದರೆ ಅಪ್ಪ ಸಾಲುಗಳಲ್ಲಿ ನಡೆದಾಡಿ ಬಂದಿದ್ದ. ಅನ್ಸೆಲ್ಮೊಗೂ ವಯಸ್ಸಾಯ್ತು ಎಂದ, ಮಗನ ಮುಖ ನೋಡಲಿಲ್ಲ. ಬೆಣ್ಣೆ ಈಚೆ ಕೊಡು ಎಂದ. ಕೇಳಿಬಿಟ್ಟಿದ್ದರೆ ಹೇಳಿಬಿಡುತ್ತಿದ್ದನೇನೋ. ಕೇಳುವುದೂ ಹೇಳುವುದೂ ಒಂದು ಚಾಕುವಿನಷ್ಟು ದೂರದಲ್ಲಿ ಮೇಜಿನ ಮೇಲೆ ಬಿದ್ದಿತ್ತು, ಇಬ್ಬರೂ ಅದರ ಸುತ್ತ ಕೈ ಚಾಚಿ ಬೆಣ್ಣೆ ತೆಗೆದುಕೊಂಡರು. ಹೇಳಿದರೆ ಸಂಘ ಅಪ್ಪನ ಸರದಿಯನ್ನೇ ಕತ್ತರಿಸುತ್ತದೆ, ನೀರು ಕದ್ದವನಿಗೆ ಆ ಬೇಸಿಗೆ ಪೂರ್ತಿ ನೀರಿಲ್ಲ, ಅದು ಹಳೆಯ ಕಟ್ಟಳೆ. ಕೊಯ್ಲಿಗೆ ಮುಂಚೆ ಬಳ್ಳಿ ಸೌದೆಯಾಗುತ್ತದೆ. ಇದನ್ನೆಲ್ಲ ಅವನು ಲೆಕ್ಕ ಹಾಕಿದ್ದ ಎಂದರೂ ಸುಳ್ಳು. ಲೆಕ್ಕ ಹಾಕುವ ಮೊದಲೇ ಸುಮ್ಮನಿದ್ದ. ಸುಮ್ಮನಿದ್ದು ಆದ ಮೇಲೆ ಕಾರಣಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ಕುಳಿತವು. ಅಷ್ಟಕ್ಕೂ ಆ ದಿನ ಲಾರಿಯವನೊಬ್ಬ ರಸ್ತೆಯಲ್ಲಿ ನಿಂತು, ಹುಡುಗಿ, ಹುಡುಗಿ ಎಂದು ಬೊಬ್ಬೆ ಹಾಕಿದಾಗ, ಎರಡನೇ ವೈನರಿಯಿಂದ ಎಲ್ಲರೂ ಕಾಲುವೆಯ ಕಡೆ ಓಡಿದರೆ ರಮಿರೋ ಓಡಿದ್ದು ತೂಬಿನ ಕಡೆಗೆ. ತೋಟದ ಒಳದಾರಿಯಿಂದ. ತಗಡು ಇಳಿಸಿದ, ಬೀಗ ಒತ್ತಿದ, ಕಡ್ಡಿಯನ್ನು ದೊಡ್ಡ ಕಾಲುವೆಗೆ ಎಸೆದ. ಆಮೇಲೆ ಬಂದು ಜನರ ಭುಜಗಳ ಹಿಂದೆ ನಿಂತು ನೋಡಿದ. ಮೋರಿಯ ಬಾಯಿಗೆ ಸಿಕ್ಕಿಕೊಂಡಿದ್ದವಳನ್ನು ಎಳೆದು ರಸ್ತೆಯಲ್ಲಿ ಮಲಗಿಸಿದ್ದರು. ಕೂದಲಲ್ಲಿ ಪಾಪ್ಲರ್ ಎಲೆಗಳು. ಒಂದು ಕಾಲಿನ ಚಪ್ಪಲಿ ಹಾಗೇ ಇತ್ತು. ಅವನಿಗೆ ಅವಳು ಅಲ್ಲಿಯವರೆಗೆ ಹಸಿರು ಸೈಕಲ್ಲಿನವಳು ಅಷ್ಟೇ, ಹೆಸರು ತಿಳಿದದ್ದು ಮರುದಿನದ ಪತ್ರಿಕೆಯಿಂದ, ಮಾರೆನ್. ವೈನ್ ಕುಡಿದು ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಬಂದು ನೆರಳು ಕಂಡಲ್ಲಿ, ಎಲೆ ಮೆತ್ತಗೆ ಕಂಡಲ್ಲಿ ಮಲಗಿದ್ದಳು.

ಪಟ್ಟಣದ ಆಸ್ಪತ್ರೆಗೆ ಒಮ್ಮೆ ಹೋಗಿದ್ದ. ಯಾಕೆ ಹೋದೆನೆಂದು ಗೊತ್ತಿರಲಿಲ್ಲ. ಮೊಗಸಾಲೆಯ ಕೊನೆಯಲ್ಲಿ ಒಬ್ಬ ಹೆಂಗಸು ಬೆಂಚಿನ ಮೇಲೆ ಕುಳಿತಿದ್ದಳು, ಮಾರೆನ್‌ಳ ತಾಯಿ ಇರಬೇಕು, ಮಗಳ ಮುಖದ್ದೇ ಕಂದು ಚುಕ್ಕೆಗಳು, ಇಲ್ಲಿಯ ಸೆಕೆಗೆ ತಕ್ಕದ್ದಲ್ಲದ ದಪ್ಪ ಅಂಗಿ. ಅವನನ್ನು ಆಸ್ಪತ್ರೆಯ ಆಳೆಂದುಕೊಂಡು ಬೆರಳಿನಿಂದ ಬಾಯಿಯ ಕಡೆ ತೋರಿಸಿದಳು, ಕುಡಿಯಲು. ಅವನು ಹೋಗಿ ಲೋಟದಲ್ಲಿ ನೀರು ತಂದುಕೊಟ್ಟ. ಅವಳು ಪೂರ್ತಿ ಕುಡಿದು, ತೊದಲು ಮಾತಿನಲ್ಲಿ ಉಪಕಾರವಾಯಿತು ಎಂದು, ಖಾಲಿ ಲೋಟವನ್ನು ಅವನ ಕೈಗೇ ಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಆ ಲೋಟ ತನ್ನ ಕೈಯಲ್ಲೇ ಇದೆಯೆಂದು ಕಂಡಿತು. ಕಿಟಕಿಯಿಂದ ಎಸೆಯಬಹುದಿತ್ತು. ತೊಡೆಯ ಮೇಲಿಟ್ಟುಕೊಂಡು ಕುಳಿತ. ಅಳು ಬರುವುದೇನೋ ಎಂದು ಕಾದ. ಬರಲಿಲ್ಲ. ಪಕ್ಕದವಳು ಸ್ವಲ್ಪ ಸರಿದುಕೋ ಎಂದಳು, ಸರಿದ.

ಗುಂಪು ವೈನರಿಯಿಂದ ಹೊರಬಂತು, ಹಲ್ಲು ನೇರಳೆಯಾಗಿತ್ತು. ಎಲ್ಲರೂ ಇದ್ದರು. ಬಿಸಿಲು ನೆತ್ತಿಗೇರಿ, ರಸ್ತೆಯ ಬದಿಯ ಮನೆಗಳು ಒಂದೊಂದಾಗಿ ಕಿಟಕಿ ಮುಚ್ಚತೊಡಗಿದ್ದವು. ರಮಿರೋ ಹಿಂದಿನಿಂದ ಸಾಲನ್ನು ನೋಡುತ್ತಾ ತುಳಿದ. ಸೀಟಿನ ಮೇಲೆ ಅತ್ತ ಇತ್ತ ಆಡುವ ಬೆನ್ನುಗಳು, ಪ್ರತಿಯೊಂದು ಬೆನ್ನಿನ ಮೇಲೂ ಬೆವರಿನ ಒಂದು ನಕಾಶೆ. ಯಾರೋ ತಮ್ಮ ಭಾಷೆಯಲ್ಲಿ ಹಾಡುತ್ತಿದ್ದರು. ತಾನು ಈ ರಸ್ತೆಯಲ್ಲಿ ಹುಟ್ಟಿ, ಈ ರಸ್ತೆಯಲ್ಲಿ ಎಷ್ಟು ಸಲ ಹೋಗಿ ಬಂದೆನೋ, ಒಂದು ಸಲವೂ ಎಲ್ಲಿಗೂ ಹೋಗಲಿಲ್ಲ ಎನ್ನುವುದು ನೊಣದಂತೆ ಬಂದು ಮುಖದ ಮೇಲೆ ಕುಳಿತು ಹಾರಿಹೋಯಿತು. ತಿರುವು ಬಂತು. ಮೋರಿಯ ಕಟ್ಟೆಯ ಮೇಲೆ ಅನ್ಸೆಲ್ಮೊ ಕುಳಿತಿದ್ದ. ಹಳೆಯ ಮೋಟಾರ್ ಸೈಕಲ್ ಮರಕ್ಕೆ ಒರಗಿತ್ತು. ಟೋಪಿ ಮಂಡಿಯ ಮೇಲಿತ್ತು. ಕೀಲಿಯ ಗೊಂಚಲನ್ನು ಸಂಘದವರು ಕಿತ್ತುಕೊಂಡಿದ್ದರು, ಆದರೂ ಬಲಗೈ ಆಗಾಗ ಸೊಂಟಕ್ಕೆ ಹೋಗಿ, ತಡಕಿ, ಏನೂ ಸಿಗದೆ ತೊಡೆಯ ಮೇಲೆ ವಾಪಸು ಬರುತ್ತಿತ್ತು. ಕೈಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ಒಣಕಲಾ, ಸ್ವಲ್ಪ ನಿಲ್ಲು ಮಗಾ."

"ಇವರನ್ನ ಬಿಟ್ಟು ನಿಲ್ಲೋ ಹಾಗಿಲ್ಲ, ಡೋನ್ ಅನ್ಸೆಲ್ಮೊ."

"ಅವರೂ ನಿಲ್ಲಲಿ. ನೆರಳಿದೆ."

ರಮಿರೋ ಶಿಳ್ಳೆ ಹಾಕಿದ. ಸಾಲು ನಿಂತಿತು, ನೀರಿನ ಬಾಟಲಿಗಳು ಹೊರಬಂದವು. ಗಡ್ಡದವನು ಸೈಕಲ್ ಇಳಿದು, ಏನಾದರೂ ನೋಡಲು ಸಿಗುತ್ತದೆಂದು, ಎರಡು ಹೆಜ್ಜೆ ಹತ್ತಿರ ಬಂದ.

"ಗ್ಲಾದಿಸ್ ನಿನಗೆ ಸರಿಯಾಗಿ ಉಗಿದಳಂತೆ? ಬೇಕರಿಯವನು ಹೇಳ್ದ. ತಲೆಗೆ ಹಚ್ಕೋಬೇಡ. ಅವಳು ಗಂಡನ್ನ ಮಣ್ಣು ಮಾಡೋ ದಿನ ಪಾದ್ರಿಗೇ ಉಗಿದೋಳು, ಪ್ರಾರ್ಥನೆ ಉದ್ದ ಆಯ್ತು ಅಂತ." ಮುದುಕ ನಗಲು ನೋಡಿದ. ಆಮೇಲೆ ಟೋಪಿಯನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಇಟ್ಟುಕೊಂಡ. "ನಿನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿ."

"ನನ್ನ ಮಗಳು ಹೇಳ್ತಾಳೆ, ಅಪ್ಪಾ ನಿನಗೆ ಮರೆವು ಜಾಸ್ತಿ ಆಯ್ತು ಅಂತ. ಮೊನ್ನೆ ಒಲೆ ಮೇಲೆ ನೀರಿಟ್ಟು ಮರ್ತೆ, ಪಾತ್ರೆ ತಳ ಕರಗಿಹೋಯ್ತು. ನಾಯಿಗೆ ಎರಡು ಸಲ ಊಟ ಹಾಕ್ತೀನಂತೆ. ನಾಯಿ ಬಾಯಿ ಬಿಡಲ್ಲ, ಅದಕ್ಕೇನು ನಷ್ಟ?" ಕೈ ಮತ್ತೆ ಸೊಂಟಕ್ಕೆ ಹೋಗಿ ಬಂತು. "ಆ ಮಧ್ಯಾಹ್ನ ನಾನು ಮಲಗಿದ್ದೆ, ಗಲಾಟೆ ಕೇಳಿ ಎದ್ದು ಓಡಿಬಂದೆ ಅಂತ ಎಲ್ರಿಗೂ ಹೇಳ್ತಾನೇ ಇದೀನಿ. ಹೇಳ್ತಾ ಹೇಳ್ತಾ ನನಗೇ ಹಿಡಿತ ತಪ್ತಾ ಇದೆ. ಮಲಗಿದ್ದೋನು ಮಲಗಿದ್ದೆ ಅಂತ ಹೆಂಗೆ ಹೇಳೋದು ಮಗಾ? ಬೆಳಿಗ್ಗೆ ನಿಮ್ಮಪ್ಪ ಬಂದಿದ್ದ. ಅದು ನೆನಪಿದೆ. ಟೋಪಿ ತೆಗೆದು ನಿಂತಿದ್ದ. ನಾವಿಬ್ರೂ ಒಟ್ಟಿಗೆ ಬೆಳೆದೋರು, ನನ್ನ ಮುಂದೆ ಅವನು ಟೋಪಿ ತೆಗೀಬಾರ್ದಿತ್ತು. ಇಲ್ಲ ಅಂದುಬಿಟ್ಟೆ. ಆಮೇಲೆ ಊಟ ಸೇರ್ಲಿಲ್ಲ, ಅದೂ ನೆನಪಿದೆ. ಹೋಗಿ ಬಿಟ್ಬಿಡ್ಲಾ, ಯಾರು ನೋಡ್ತಾರೆ ಅಂತ ಹಾಸಿಗೇಲಿ ಬಿದ್ಕೊಂಡು ಯೋಚ್ನೆ ಮಾಡಿದ್ದೂ ನೆನಪಿದೆ. ಆಮೇಲೆ ಇಲ್ಲ. ಅಲ್ಲಿಂದ ಮುಂದಕ್ಕೆ ಏನೂ ಇಲ್ಲ."

ಕಾಲುವೆಯ ಒಣ ಎಲೆಯೊಳಗೆ ಒಂದು ಹಲ್ಲಿ ಓಡಿತು. ರಮಿರೋ ಮುದುಕನ ಉಗುರುಗಳನ್ನು ನೋಡುತ್ತಿದ್ದ. ಕೆಸರು ಹೋಗಿ ಸ್ವಚ್ಛವಾಗಿದ್ದವು. ಕೆಲಸವಿಲ್ಲದ ಉಗುರುಗಳು.

"ಬೀಗ ಮುರಿದಿಲ್ಲ. ಕೀಲಿ ನನ್ನ ಹತ್ರಾನೇ ಇತ್ತು. ಇನ್ಯಾರು ತೆಗೀತಾರೆ? ನಾನೇ ಇರ್ಬೇಕು. ಆದ್ರೆ ನಾನು ಕೂಗದೆ ಬಿಡೋನಲ್ಲ ಮಗಾ. ಇಷ್ಟು ವರ್ಷದಲ್ಲಿ ಒಂದಿನ ಕೂಗದೆ ಬಿಟ್ಟಿಲ್ಲ. ಅದೊಂದೇ ನನಗೆ ಗಂಟಲಲ್ಲಿ ಇಳೀತಿಲ್ಲ." ಅವನು ಮುಖ ಎತ್ತಿದ. ಕಣ್ಣುಗಳಲ್ಲಿ ಬೇಡಿಕೆಯಾಗಲೀ ಗುಮಾನಿಯಾಗಲೀ ಇರಲಿಲ್ಲ, ದಾರಿ ಕೇಳುವವನ ನೋಟ ಮಾತ್ರ ಇತ್ತು. "ನೀನು ಆ ಹೊತ್ನಲ್ಲಿ ಇದೇ ರಸ್ತೇಲಿ ಬಂದೆ. ನನ್ನನ್ನ ತೂಬಿನ ಹತ್ರ ನೋಡಿದ್ಯಾ? ನೋಡಿದೆ ಅನ್ನು, ಸಂಜೆ ಸಭೇಲಿ ಒಪ್ಕೊಂಡು ಬಿಡ್ತೀನಿ, ಮನೆ ಖಾಲಿ ಮಾಡ್ತೀನಿ, ಆ ಹುಡುಗಿ ತಾಯಿ ಕಾಲು ಹಿಡೀತೀನಿ. ಇಲ್ಲ ಅನ್ನು, ಯಾರು ಏನೇ ಅನ್ಲಿ ಇಲ್ಲ ಅಂತ ನಿಲ್ತೀನಿ. ನಿನ್ನ ಮಾತು ನಂಬ್ತೀನಿ ನಾನು. ನನ್ನ ತಲೆ ನಂಬಲ್ಲ."

ಇಲ್ಲ. ಎರಡೇ ಅಕ್ಷರ, ನಾಲಗೆಯ ಮೇಲೆ ಕುಳಿತಿತ್ತು. ಅದನ್ನು ಹೇಳಲು ಧೈರ್ಯವೂ ಬೇಕಿರಲಿಲ್ಲ, ಹೇಳಿದರೆ ಯಾರೂ ತನ್ನನ್ನು ಹಿಡಿಯುತ್ತಿರಲಿಲ್ಲ. ಇಲ್ಲ ಡೋನ್ ಅನ್ಸೆಲ್ಮೊ, ನೀವಿರಲಿಲ್ಲ. ಅಷ್ಟೇ ಸಾಕಿತ್ತು, ಮುದುಕನಿಗೆ ಅವನ ಆ ಮಧ್ಯಾಹ್ನ ವಾಪಸು ಸಿಗುತ್ತಿತ್ತು. ಆದರೆ ಇಲ್ಲದ್ದನ್ನು ಕಂಡವನು ಇದ್ದದ್ದನ್ನೂ ಕಂಡಿರಬೇಕಲ್ಲ. ಮುದುಕ ಕೇಳದಿದ್ದರೂ ಸಂಜೆ ಇನ್ಯಾರೋ ಕೇಳುತ್ತಾರೆ. ಹಾಗಾದರೆ ಯಾರಿದ್ದರು ಎಂದು. ಅಪ್ಪ ಎದುರಿನ ಸಾಲಿನಲ್ಲಿ ಕುಳಿತು ಬೂಟು ನೋಡಿಕೊಳ್ಳುತ್ತಿರುತ್ತಾನೆ. ರಮಿರೋ ಕಾದ. ಒಳಗಿನಿಂದ ಏನಾದರೂ ಎದ್ದು ಬಂದು, ತನ್ನನ್ನು ತಳ್ಳಿ, ಬಾಯಿ ತೆರೆಸುವುದೇನೋ ಎಂದು ಕಾದ. ಸಿಟ್ಟು, ಭಯ, ಏನಾದರೂ. ಇಷ್ಟು ದಿನ ಇಡೀ ಊರಿನ ಮೇಲೆ ಕುದಿಯುತ್ತಿದ್ದದ್ದು ಎಲ್ಲಿ ಹೋಯಿತೆಂದು ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ಬಿಸಿಲಿತ್ತು. ಗಡ್ಡದವನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ.

ಅವನು ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಮೇಲಕ್ಕೆತ್ತಿದ. ಮುದುಕನಿಗೆ ಬೆನ್ನು ಹಾಕಿ ತಳ್ಳಿಕೊಂಡು ಹೊರಟ.

ಹತ್ತು ಹೆಜ್ಜೆ ನಡೆದ. ಹಿಂದಿನಿಂದ ಮುದುಕನ ದನಿ ಬಂತು, ಮೆತ್ತಗೆ, ಮಗುವಿಗೆ ಹೇಳುವ ಹಾಗೆ.

"ಸರಿ ಬಿಡು ಮಗಾ. ಗೊತ್ತಾಯ್ತು. ನೋಡಿದೆ ಅಂತ ನನ್ನ ಮುಖದ ಮುಂದೆ ಹೇಳಕ್ಕೆ ನಿನಗೆ ಬಾಯಿ ಬರ್ಲಿಲ್ಲ." ಟೋಪಿ ಕೊಡವಿದ ಸದ್ದಾಯಿತು. "ಒಳ್ಳೇ ಮನಸ್ಸು ನಿಂದು. ನಿಮ್ಮಪ್ಪಂಗೆ ಹೇಳು, ಸಂಜೆ ಅವನೇನೂ ಮಾತಾಡ್ಬೇಕಾಗಿಲ್ಲ, ನಾನೇ ಹೇಳ್ತೀನಿ ಅಂತ."

ಗಡ್ಡದವನು ಓಡುತ್ತಾ ಪಕ್ಕಕ್ಕೆ ಬಂದ. "ಅಜ್ಜ... ಏನು ಹೇಳು?" ಎಂದು ಕೇಳಿದ. ಬೆನ್ನುಚೀಲದವರು ಒಬ್ಬೊಬ್ಬರಾಗಿ ಸೈಕಲ್ ಹತ್ತಿ ಅವನನ್ನು ದಾಟಿ ಮುಂದೆ ಹೋದರು. ರಮಿರೋ ಹತ್ತಲಿಲ್ಲ. ಹ್ಯಾಂಡಲ್ ಹಿಡಿದು, ರಸ್ತೆಯ ನಟ್ಟನಡುವೆ, ನಡೆಯುತ್ತಲೇ ಹೋದ.